ಸುರಗಿ ಹಾಡಿನ ಫೈಲು

ಬೆಳಗಾವಿಯ ಟಿಳಕವಾಡಿಯಲ್ಲಿ, ರೈಲ್ವೆ ಸ್ಟೇಶನ್ನಿಗೆ ಕೂಗಳತೆಯ ಒಂದು ಓಣಿಯಲ್ಲಿ ಪ್ರಮಿಳಾಳ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕೋರ್ಟಿನ ಕಾಗದ, ಪುಣ್ಯತಿಥಿಯ ಕಾರ್ಡು, ಕಾಲೇಜು ಹುಡುಗರು ಅಲ್ಲಿಂದಿಲ್ಲಿಂದ ಎತ್ತಿ ಜೋಡಿಸಿದ ಪ್ರಬಂಧ, ಎಲ್ಲವೂ ಅಲ್ಲಿ ಟೈಪಾಗುತ್ತಿದ್ದವು. ಆದರೆ ಆ ಅಂಗಡಿಗೆ ಹೆಸರು ಬಂದದ್ದು ಕೆಟ್ಟ ಫೈಲುಗಳಿಂದ. "ಅಕ್ಕಾರ, ಇದರಾಗ ದೆವ್ವ ಹೊಕ್ಕೈತ್ರಿ. ಕನ್ನಡಾ ಬರದದ್ದೆಲ್ಲಾ ಇಂಗ್ಲಿಷ್ ಆಗೇತಿ," ಎನ್ನುತ್ತ ಯಾರಾದರೂ ಪೆನ್‌ಡ್ರೈವ್ ಮುಂದೆ ಹಿಡಿಯುವರು. ಪ್ರಮಿಳಾ ಕನ್ನಡಕ ಏರಿಸಿ, "ದೆವ್ವಾನೂ ಇಲ್ಲ, ದೇವರೂ ಇಲ್ಲ. ಕುಂದರ್ರಿ ಸುಮ್ನ," ಎನ್ನುವಳು.

ಅವಳಿಗೆ ಅದು ನೀರು ಕುಡಿದಷ್ಟು ಸುಲಭ. ಫೈಲಿನೊಳಗೆ ಅಕ್ಷರಗಳಿರುವುದಿಲ್ಲ, ಬರೀ ಅಂಕಿಗಳಿರುತ್ತವೆ. ಯಾವ ಅಂಕಿಗೆ ಯಾವ ಅಕ್ಷರ ಎಂಬ ಕರಾರು ಹಳೆಯ ಕನ್ನಡ ಫಾಂಟುಗಳದ್ದು ಒಂದು, ಈಗಿನ ಯುನಿಕೋಡಿನದು ಇನ್ನೊಂದು. ತಾನು ಯಾವ ಕರಾರಿಗೆ ಸೇರಿದ್ದು ಎಂದು ಬಹಳಷ್ಟು ಫೈಲುಗಳು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ತೆರೆಯುವ ತಂತ್ರಾಂಶ, ಅಂದರೆ ಎಡಿಟರು, ತಾನೇ ಊಹಿಸಬೇಕು. ಮೊದಲು ಫೈಲಿನ ತಲೆಯಲ್ಲಿ ಗುರುತಿನ ಅಂಕಿ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಆರಂಭದ ಒಂದಿಷ್ಟು ಓದಿ, ಅದು ಯುನಿಕೋಡಿನ ನಿಯಮಕ್ಕೆ ಒಪ್ಪುತ್ತದೆಯೇ ಎಂದು ತಾಳೆ ಹಾಕುತ್ತದೆ. ಒಪ್ಪದಿದ್ದರೆ ಯಾವುದೋ ಹಳೆಯದಿರಬೇಕು ಎಂದು ಅಂದಾಜಿನ ಮೇಲೆ ಒಂದನ್ನು ಹಿಡಿಯುತ್ತದೆ. ಊಹೆ ತಪ್ಪಿದರೆ ಪರದೆಯ ತುಂಬ ಕಸ.

ಕಸ ಕಂಡರೂ ಹೆದರಬೇಕಿಲ್ಲ, ಒಳಗಿನ ಅಂಕಿಗಳು ಇದ್ದ ಹಾಗೇ ಇರುತ್ತವೆ. ಸರಿಯಾದ ಕರಾರು ತೋರಿಸಿದರೆ ಕನ್ನಡ ಎದ್ದು ಬರುತ್ತದೆ. ಆದರೆ ಕಸ ಕಂಡಾಗ ಸೇವ್ ಮಾತ್ರ ಮಾಡಬಾರದು. ತನಗೆ ತಿಳಿಯದ ಅಂಕಿಯ ಜಾಗದಲ್ಲಿ ಎಡಿಟರು ಕಪ್ಪು ಚೌಕದೊಳಗೆ ಒಂದು ಪ್ರಶ್ನೆಚಿಹ್ನೆ ಇಟ್ಟು ತೋರಿಸುತ್ತಿರುತ್ತದೆ. ಸೇವ್ ಮಾಡಿದರೆ ಆ ಚೌಕಗಳೇ ಫೈಲಿನೊಳಗೆ ಇಳಿದು ಕೂರುತ್ತವೆ, ಹಳೆಯ ಅಂಕಿಗಳು ಅಳಿಸಿಹೋಗುತ್ತವೆ. ಅದಕ್ಕೇ ಅಂಗಡಿಯ ಗೋಡೆಯ ಮೇಲೆ ದಪ್ಪಕ್ಷರದ ಒಂದು ಕಾಗದ ಅಂಟಿಸಿತ್ತು: ಕಸ ಕಂಡರೆ ಮುಟ್ಟಬೇಡಿ, ಸೇವ್ ಮಾಡಬೇಡಿ, ಹಾಗೇ ತನ್ನಿ.

ಅದನ್ನು ಟೈಪು ಮಾಡಿ ಅಂಟಿಸಿದವಳು ಮಾಯಾ. ಗಂಡನನ್ನು ಬಿಟ್ಟ ಮೇಲೆ ಮಗಳು ಸಮೃದ್ಧಿಯನ್ನು ಕಟ್ಟಿಕೊಂಡು ಖಾನಾಪುರದಲ್ಲಿ ಮನೆ ಮಾಡಿ, ದಿನಾ ರೈಲು ಹತ್ತಿ ಬಂದು ಪ್ರಮಿಳಾಳ ಪಕ್ಕದ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತವಳು. ಮದುವೆಯ ಗೋಜಿಗೇ ಹೋಗದ ಪ್ರಮಿಳಾಳಿಗೆ ಗೆಳತಿ ಅಂದರೂ ಅವಳೇ, ತಂಗಿ ಅಂದರೂ ಅವಳೇ. ಹೋದ ಮಳೆಗಾಲದಲ್ಲಿ ಹೊಟ್ಟೆಯ ಗಡ್ಡೆ ಅವಳನ್ನು ತಿಂದು ಮುಗಿಸಿತು. ನೆಹರು ನಗರದ ಆಸ್ಪತ್ರೆಯಲ್ಲಿ ಕೊನೆಯ ತನಕ ಪ್ರಮಿಳಾ ಅವಳ ಮಂಚದ ಬಾಜು ಕೂತಿದ್ದಳು. ಅಂಗಡಿಯಲ್ಲಿ ಆ ಕುರ್ಚಿಯ ಮೇಲೆ ಈಗ ಕಾಗದದ ಬಂಡಲುಗಳಿವೆ. ಬಂದವರನ್ನು ಅಲ್ಲಿ ಕೂರಿಸಲು ಪ್ರಮಿಳಾಳಿಗೆ ಮನಸ್ಸು ಬರುವುದಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ಮಾಯಾಳ ಅಪ್ಪ ಸಿದರಾಯ ಅಂಗಡಿಯ ಮೆಟ್ಟಿಲು ಹತ್ತಿದ. ಖಾನಾಪುರದ ಕಡೆಯ ಬೀಡಿ ಎಂಬ ಊರಿನ ಮುದುಕ, ಆಯುಷ್ಯವೆಲ್ಲ ಕುರಿಗಳ ಹಿಂದೆ ಕಳೆದವನು. ಈಗ ಮಗ ಗಜಾನನನ ಮನೆಯಲ್ಲಿ ಮೊಮ್ಮಕ್ಕಳ ನಡುವೆ ಆರಾಮಾಗಿದ್ದ. ಕಂಕುಳಲ್ಲಿ ಕಂಬಳಿಯ ಗಂಟು. ಬಿಚ್ಚಿದರೆ ಮಾಯಾಳ ಲ್ಯಾಪ್‌ಟಾಪು.

"ಸಮೃದ್ಧಿದು ಲಗ್ನ ಗೊತ್ತಾತು, ಪ್ರಮಿಳವ್ವಾ. ಗಂಡು ನಂದಗಡದಾಂವ, ಛೊಲೊ ಮನಿತನ," ಎಂದ. ಮುಖ ಅರಳಿತ್ತು. "ಇದರಾಗ ಆಕಿ ಅಜ್ಜಿ ಸುರಗಿ ಹಾಡ ಅದಾವಲಾ, ಅವನ್ನ ದೊಡ್ಡ ಅಕ್ಷರದಾಗ ಕಾಗದದ ಮ್ಯಾಲ ತಗದ ಕೊಡು. ನಮ್ಮ ಸೊಸಿ ತ್ರಿವೇಣಿ ಓದಿ ಹಾಡತಾಳ."

ಸುರಗಿ ಎಂದರೆ ಆ ಕಡೆ ಮದುವೆಯ ಹಿಂದಿನ ದಿನದ ಶಾಸ್ತ್ರ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಅರಿಶಿನ ಹಚ್ಚಿ ನೀರು ಹಾಕುತ್ತಾರೆ. ಸಿದರಾಯನ ಮನೆತನದ ಪದ್ಧತಿಯಲ್ಲಿ ಆಗ ಹಾಡಬೇಕಾದವಳು ಹುಡುಗಿಯ ತಾಯಿಯ ತಾಯಿ. ಸಿದರಾಯನ ಹೆಂಡತಿ ಫಕೀರವ್ವ ಊರಿಗೇ ಹೆಸರಾದ ಹಾಡುಗಾರ್ತಿ. ಅವಳ ಹಾಡು ಯಾರಿಂದಲೋ ಕಲಿತದ್ದಲ್ಲ, ಸ್ವಂತ ಕಟ್ಟಿದ್ದು. ಉಳಿದ ಹೆಂಗಸರಿಗೆ ಬರುತ್ತಿದ್ದದ್ದು ಕೊನೆಯ ಸೊಲ್ಲು ಮಾತ್ರ. ಗಂಡಸರಂತೂ ಆ ಹೊತ್ತಿಗೆ ಅಂಗಳದಾಚೆ ನಿಲ್ಲಬೇಕು. ಹೀಗಾಗಿ ಸಿದರಾಯನಿಗೆ ಹೆಂಡತಿಯ ದನಿ ಗೊತ್ತು, ಧಾಟಿ ಗೊತ್ತು, ಮಾತು ಗೊತ್ತಿಲ್ಲ. ಫಕೀರವ್ವನಿಗೆ ಉಬ್ಬಸ ಹಿಡಿದಾಗ ಮಾಯಾ ಭಾನುವಾರಕ್ಕೊಮ್ಮೆ ಬೀಡಿಗೆ ಹೋಗಿ, ಅವ್ವ ಹಾಡಿದಂತೆ ಟೈಪು ಮಾಡಿ ತಂದಿದ್ದಳು. ಫಕೀರವ್ವ ಮಗಳಿಗಿಂತ ಮೊದಲೇ ತೀರಿಕೊಂಡಳು. ಈಗ ಸಮೃದ್ಧಿಯ ಸುರಗಿಗೆ ಹಾಡಲು ಅಜ್ಜಿಯಿಲ್ಲ, ನೀರು ಹಾಕಲು ತಾಯಿಯಿಲ್ಲ. ಇದ್ದದ್ದು ಆ ಫೈಲು.

ಪ್ರಮಿಳಾ ಲ್ಯಾಪ್‌ಟಾಪು ಹಚ್ಚಿದಳು. ಫೈಲು ತೆರೆಯಿತು. ಮೊದಲಿಗೆ ಪುಟಗಟ್ಟಲೆ ಕೀಬೋರ್ಡಿನ ನಕ್ಷತ್ರಚಿಹ್ನೆಯನ್ನೇ ಚುಕ್ಕಿಯಾಗಿಸಿ ಬಿಡಿಸಿದ ರಂಗೋಲಿ, ಕೆಳಗೆ ಬರೀ ಕಸ. ಅವಳಿಗೆ ನಗು ಬಂತು. ಮಾಯಾ ಯಾವ ಕೆಲಸ ಶುರು ಮಾಡಿದರೂ ಹೊಸ್ತಿಲಿಗೆ ಹಾಕಿದ ಹಾಗೆ ಮೊದಲು ಚುಕ್ಕಿ ಒತ್ತಿ ಒತ್ತಿ ರಂಗೋಲಿ ಹಾಕುವಳು. "ಗಿರಾಕಿ ಕಾಯಾಕತ್ತಾರ, ಇಕಿ ರಂಗೋಲಿ ಹಾಕಾಕತ್ತಾಳ ನೋಡ," ಎಂದು ಪ್ರಮಿಳಾ ಬೈಯುತ್ತಿದ್ದಳು.

"ಹಳೀ ಫಾಂಟಿನ್ಯಾಗ ಟೈಪ್ ಮಾಡ್ಯಾಳ್ರಿ ಕಾಕಾ. ಯುನಿಕೋಡ್ ಮಾಡೂಣು ಅಂತ ನಾ ಬಡಕೊಂಡೆ. ನಾಳೆ ಮಾಡೂಣ ತಗೋ ಅಂತಿದ್ಲು. ಇರ್ಲಿ, ಚಾ ಕುಡಿಯೂದ್ರಾಗ ಮುಗಿಸ್ತೀನಿ," ಎಂದು ಚಹಾ ತರಿಸಲು ಹೇಳಿ, ಹಳೆಯ ಕರಾರಿನಲ್ಲಿ ಮತ್ತೆ ತೆರೆದಳು.

ಕಸ ಕಸವಾಗಿಯೇ ಉಳಿಯಿತು. ಇನ್ನೊಂದು ಹಳೆಯ ಫಾಂಟಿನ ಲೆಕ್ಕದಲ್ಲಿ ತೆರೆದಳು. ಇಲ್ಲ. ಕೊನೆಗೆ ಒಳಗಿನ ಅಂಕಿಗಳನ್ನೇ ಬಿಚ್ಚಿ ನೋಡಿದಳು. ಅವೇ ಮೂರು ಅಂಕಿಗಳು ಸಾಲುಸಾಲಾಗಿ ಮರಳಿ ಮರಳಿ ಬಂದಿದ್ದವು. ಆ ಮೂರು ಅಂಕಿ ಕಪ್ಪು ಚೌಕದವು. ಚೌಕಗಳು ಪರದೆಯ ಮೇಲಲ್ಲ, ಫೈಲಿನೊಳಗೇ ಇದ್ದವು.

"ಕಾಕಾ, ಇದನ್ನ ಯಾರರ ತಗದಿದ್ರೇನ್ರಿ?"

"ನಾನ ತಗೀತೀನಲಾ, ದಿನಾ ಸಂಜಿಕ." ಸಿದರಾಯ ಹೆಮ್ಮೆಯಿಂದ ಹೇಳಿದ. ಅವನಿಗೆ ಅಕ್ಷರ ಬಾರದು. ಖಾನಾಪುರದ ಬೋರ್ಡುಗಳಲ್ಲಿ ಕನ್ನಡ ಯಾವುದು, ಮರಾಠಿ ಯಾವುದು ಎಂದು ಕೂಡ ತಿಳಿಯದು. "ಇದೊಂದ ನನಗ ಬರತೈತಿ. ಮಾಯಾ ದವಾಖಾನಿಗೆ ಹೋಗೂಕಿಂತ ಮದಲ ಕಲಿಸಿದ್ಲು. ಈ ಚಿತ್ರದ ಮ್ಯಾಲ ಎರಡ ಸಲ ಒತ್ತೂದು, ಕೆಳಗ ಇಳಿಯೂ ಗುಂಡಿ ಕಡೀತನಕಾ ಒತ್ತಿ ಹಿಡಿಯೂದು, ಹಾಡ ಬರತಾವ. ಮುಚ್ಚುಮುಂದ ಅದು ಏನೋ ಕೇಳಿತಂದ್ರ ಮದಲನೇ ಗುಂಡಿ ಒತ್ತು, ಅಪ್ಪಾ, ಹಾಡ ಉಳೀತಾವ ಅಂದಿದ್ಲು. ನಾ ದಿನಾ ತಗದು, ಭಂಡಾರ ಹಚ್ಚಿ, ಹೆಣತಿ ಅಕ್ಷರಕ್ಕ ಕೈ ಮುಗದು, ಗುಂಡಿ ಒತ್ತಿ ಮುಚ್ಚತೀನಿ. ಒಂದ ದಿನಾನೂ ತಪ್ಪಿಸಿಲ್ಲ."

ಪ್ರಮಿಳಾ ಕೀಬೋರ್ಡಿನ ಕಡೆ ನೋಡಿದಳು. ಎಲ್ಲಕ್ಕಿಂತ ಉದ್ದದ ಕೀಲಿಯ ಮೇಲೆ, ಅದರ ಸಂದಿಯಲ್ಲಿ, ಭಂಡಾರದ ಅರಿಶಿನ ಪುಡಿ ಗಟ್ಟಿಯಾಗಿ ಕೂತಿತ್ತು. ಫೈಲಿನ ಕಟ್ಟಕಡೆಗೆ ಹೋಗಿ ನೋಡಿದಳು. ಅಲ್ಲಿ ಖಾಲಿ ಜಾಗಗಳ ಉದ್ದ ಸಾಲು ಇತ್ತು. ಮುದುಕ ಭಂಡಾರ ಹಚ್ಚುವಾಗ ಆ ಕೀಲಿ ಒತ್ತಿಹೋಗುತ್ತಿತ್ತು. ಅಷ್ಟು ಸಾಕು, ಫೈಲು ಬದಲಾಗಿದೆ, ಉಳಿಸಬೇಕೆ ಎಂದು ಯಂತ್ರ ಕೇಳುತ್ತಿತ್ತು.

"ಮದಲ ಹಿಂಗ ಕಾಣತಿದ್ದಿಲ್ಲಲ್ರಿ, ಕಾಕಾ?"

"ಇಲ್ಲ. ಗಜಾ ಇದನ್ನ ಖಾನಾಪುರದಾಗ ರಿಪೇರಿ ಮಾಡಿಸಿಕೊಂಡ ಬಂದ ನೋಡು, ಭಾಳ ಹಳೂ ಆಗೇತಿ ಅಂತ, ಅವತ್ತಿನಿಂದ ನಡುವ ನಡುವ ಈ ಕರೇ ಚೌಕ ಬಂದಾವ. ನಾ ಅಂದೆ, ಛಂದ ಮಾಡಿ ಕೊಟ್ಟಾನ, ಕಂಬಳಿ ಅಂಚಿನ್ಯಾಗ ಹಾಕತೀವಲಾ ಹಂಗ."

ಪ್ರಮಿಳಾಳಿಗೆ ಎಲ್ಲವೂ ಕಣ್ಣಿಗೆ ಕಟ್ಟಿದಂತಾಯಿತು. ರಿಪೇರಿಯವನು ಹಳೆಯ ತಂತ್ರಾಂಶ ಅಳಿಸಿ ಹೊಸ ಎಡಿಟರು ಹಾಕಿದ್ದ. ಆ ಎಡಿಟರು ಫೈಲಿನ ಆರಂಭವನ್ನಷ್ಟೇ ಓದಿತ್ತು. ಅಲ್ಲಿ ಸಿಕ್ಕದ್ದು ಮಾಯಾಳ ರಂಗೋಲಿ. ನಕ್ಷತ್ರದ ಚುಕ್ಕಿಗೆ ಹಳೆಯ ಕರಾರಿನಲ್ಲೂ ಹೊಸ ಕರಾರಿನಲ್ಲೂ ಒಂದೇ ಅಂಕಿ. ತಕರಾರಿಗೆ ಕಾರಣವೇ ಸಿಗದೆ, ಇದು ಯುನಿಕೋಡೇ ಎಂದು ತೀರ್ಮಾನಿಸಿಬಿಟ್ಟಿತು. ರಂಗೋಲಿ ಇಲ್ಲದೆ ನೇರವಾಗಿ ಹಾಡು ಶುರುವಾಗಿದ್ದರೆ ಅದು ಎಡವಿ ನಿಂತು, ಇದು ಹಳೆಯದು ಎಂದು ತಿಳಿಯುತ್ತಿತ್ತು. ರಿಪೇರಿಯಿಂದ ಬಂದ ಮೊದಲ ಸಂಜೆ ಸಿದರಾಯ ಕೈ ಮುಗಿದು ಗುಂಡಿ ಒತ್ತಿದಾಗಲೇ ಫಕೀರವ್ವನ ಹಾಡುಗಳೆಲ್ಲ ಹೋಗಿದ್ದವು. ಆಮೇಲೆ ದಿನವೂ ಮುದುಕ ಆ ಚೌಕಗಳನ್ನು ಉಳಿಸುತ್ತ ಬಂದಿದ್ದ.

"ಸ್ವಲ್ಪ ಕೆಲಸ ಐತ್ರಿ ಕಾಕಾ. ಇಲ್ಲೇ ಬಿಟ್ಟ ಹೋಗ್ರಿ. ಬರೂ ವಾರ ಬರ್ರಿ," ಎಂದಳು ಪ್ರಮಿಳಾ.

"ಬಿಡಂದ್ರ ಬಿಡತೀನಿ. ನಿನ್ನ ಕೈಯಾಗ ಕೊಟ್ರ ಮಾಯಾನ ಕೈಯಾಗ ಕೊಟ್ಟಂಗ," ಎಂದು ಮುದುಕ ಕಂಬಳಿ ಮಡಚಿಕೊಂಡು ಹೋದ.

ಆ ವಾರ ಪ್ರಮಿಳಾ ಬೇರೆ ಕೆಲಸ ಮುಟ್ಟಲಿಲ್ಲ. ಅಳಿಸಿಹೋದದ್ದನ್ನು ಹುಡುಕಿ ಕೊಡುವ ತಂತ್ರಾಂಶಗಳನ್ನೆಲ್ಲ ಹಚ್ಚಿ ನೋಡಿದಳು. ರಿಪೇರಿಯವನು ಎಲ್ಲ ಒರೆಸಿ ಹೊಸದಾಗಿ ಹಾಕಿದ್ದ, ಹಳೆಯದರ ಸುಳಿವೂ ಇರಲಿಲ್ಲ. ಮಾಯಾ ಕೂತು ಟೈಪು ಮಾಡುತ್ತಿದ್ದ ಅಂಗಡಿಯ ಹಳೆಯ ಕಂಪ್ಯೂಟರು ಗುಜರಿಗೆ ಹೋಗಿತ್ತು. ಕೊಟ್ಟವಳು ತಾನೇ. ಮಾಯಾಳ ಕುರ್ಚಿಯ ಮುಂದೆ ಅದು ಸುಮ್ಮನೆ ಕೂತದ್ದನ್ನು ನೋಡಲಾಗದೆ ಕೊಟ್ಟಿದ್ದಳು. ಗಜಾನನನಿಗೆ ಫೋನ್ ಮಾಡಿ ಬೇರೆಲ್ಲಾದರೂ ಕಾಪಿ ಇದೆಯೇ ಎಂದು ಕೇಳಿದಳು. "ಇಲ್ರಿ ಅಕ್ಕಾರ. ಆ ಫೈಲ್ ಮಾತ್ರ ಹುಷಾರಿಲೆ ತಗದಿಡು ಅಂತ ರಿಪೇರಿಯಾಂವಗ ಹೇಳಿದ್ದೆ. ಐತಿಲ್ರಿ?" ಎಂದ. ಐತಿ ಎಂದು ಹೇಳಿ ಫೋನಿಟ್ಟಳು.

ಚೌಕಗಳ ನಡುವೆ ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಅಕ್ಷರ ಉಳಿದಿತ್ತು. ಹಳೆಯ ಫಾಂಟಿನಲ್ಲಿ ಅವು ಕ, ಗ, ರ, ತ ಆಗಿದ್ದವೆಂದು ಅವಳ ಬೆರಳಿಗೇ ಗೊತ್ತು. ಅಷ್ಟರಿಂದ ಹಾಡು ಕಟ್ಟಲಾದೀತೇ? ಒಂದು ಚೌಕದ ಜಾಗದಲ್ಲಿ ಹತ್ತಾರು ಅಕ್ಷರ ಇದ್ದಿರಬಹುದು. ಮಾಯಾ ಟೈಪು ಮಾಡುವಾಗ ಗುನುಗುತ್ತಿದ್ದದ್ದನ್ನು ನೆನೆಯಲು ಕಣ್ಣು ಮುಚ್ಚಿ ಕೂತಳು. ವರ್ಷಗಟ್ಟಲೆ ಕಿವಿಯ ಪಕ್ಕದಲ್ಲೇ ಹಾಡಿದ್ದಳು ಹುಚ್ಚಿ. ಪ್ರಮಿಳಾ ಆಗೆಲ್ಲ ಲಗ್ನಪತ್ರಿಕೆಯ ತಪ್ಪು ತಿದ್ದುವುದರಲ್ಲಿ ಮುಳುಗಿರುತ್ತಿದ್ದಳು. ನೆನಪಾದದ್ದು ಎರಡೇ ಸಾಲು, ಕುರಿ ಮಳೆ ಎಲ್ಲ ಹಿಂದಿರುಗಿದರೂ ಮಗಳು ಹಿಂತಿರುಗಿ ನೋಡಳೆಂಬ ತಾಯಿಯ ಮಾತು:

ಹಿಂಡ ಕುರಿ ಹೊಳ್ಳ್ಯಾವ, ಹಿರಿಗುಡ್ಡದ ಮಳಿ ಹೊಳ್ಳ್ಯಾವ
ಹೊಳ್ಳಿ ನೋಡವಲ್ಲಳ ನನ ಮಗಳ

ಮೂರನೆಯದು ನಾಲಿಗೆಯ ತುದಿಗೂ ಬರಲಿಲ್ಲ. ಪ್ರಮಿಳಾ ಖಾಲಿ ಅಂಗಡಿಯಲ್ಲಿ ಬಾಗಿಲು ಎಳೆದುಕೊಂಡು ಜೋರಾಗಿ ಅತ್ತಳು. ಆಸ್ಪತ್ರೆಯಲ್ಲಿ ಮಾಯಾ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಹೇಳಿದ ದಿನವೇ ಸಿದರಾಯ ಬಂದ. ಬರುವಾಗ ಚೀಲದ ತುಂಬ ಹಸಿ ಅವರೆಕಾಯಿ ತಂದಿದ್ದ. ಪ್ರಮಿಳಾ ಅವನನ್ನು ಕೂರಿಸಿ, ಚಹಾ ಕೈಗೆ ಕೊಟ್ಟು, ಎದುರಿಗೆ ನಿಂತಳು.

"ಕಾಕಾ, ಹಾಡ ಹೋಗ್ಯಾವ್ರಿ. ನನ್ನಿಂದ ಆದಷ್ಟು ನೋಡಿದೆ. ಸಿಗಲಿಲ್ಲ."

ಮುದುಕನಿಗೆ ಮೊದಲು ಅರ್ಥವಾಗಲಿಲ್ಲ. "ಹೋಗ್ಯಾವಂದ್ರ? ಇಲ್ಲೇ ಕಾಣಾಕತ್ತಾವಲಾ," ಎಂದು ಪರದೆಯತ್ತ ಕೈ ಮಾಡಿದ.

"ಅವು ಹಾಡಲ್ರಿ. ಬರೇ ಗುರುತು. ಓದಾಕ ಬರೂದಿಲ್ಲ. ಯಾರಿಗೂ ಬರೂದಿಲ್ಲ."

ಸಿದರಾಯ ಚಹಾದ ಲೋಟ ಕೆಳಗಿಟ್ಟು, ಒಂದೊಂದೇ ಮಾತು ತೂಗಿ ಕೇಳಿದ: "ಯಾವಾಗ ಹೋದವು? ನಮ್ಮ ಮನ್ಯಾಗ ಇದ್ದಾಗ ಹೋದವೋ, ಇಲ್ಲಿ ಬಂದ ಮ್ಯಾಲ ಹೋದವೋ?"

ಈ ಪ್ರಶ್ನೆ ಬಂದೇ ಬರುತ್ತದೆಂದು ಪ್ರಮಿಳಾಳಿಗೆ ಗೊತ್ತಿತ್ತು. ನಿಜ ಹೇಳುವುದು ಸುಲಭವಿತ್ತು. ಭಂಡಾರದ ಕೀಲಿ ತೋರಿಸಿದರೆ ಮುಗಿಯಿತು. ಆದರೆ ಮುದುಕನ ಬೆರಳುಗಳ ತುದಿ ಇನ್ನೂ ಹಳದಿಯಾಗಿತ್ತು. ದಿನಾ ಸಂಜೆ ಕೈ ಮುಗಿದು ತಾನೇ ಹೆಂಡತಿಯ ಹಾಡು ಅಳಿಸಿದೆ ಎಂದು, ಅದೂ ಮಗಳು ಕಲಿಸಿದ ಗುಂಡಿಯಿಂದ ಅಳಿಸಿದೆ ಎಂದು ಗೊತ್ತಾದರೆ ಈ ಜೀವ ಮುಂದೆ ಯಾವುದನ್ನು ನೆಚ್ಚಿ ಇರಬೇಕು? ರಂಗೋಲಿ ಹಾಕಿದ ಮಾಯಾಳ ಮೇಲಾಗಲಿ, ಒಳ್ಳೆಯದೆಂದು ರಿಪೇರಿ ಮಾಡಿಸಿದ ಗಜಾನನನ ಮೇಲಾಗಲಿ ತಪ್ಪು ಹೊರಿಸಲು ಅವಳಿಗೆ ಬಾಯಿ ಬರಲಿಲ್ಲ.

"ಇಲ್ಲೇ ಹೋದವ್ರಿ, ಕಾಕಾ," ಎಂದಳು. "ನನ್ನ ಕೈಲೇ ಹೋದವು. ತಪ್ಪು ಕರಾರಿನ್ಯಾಗ ತಗದು, ನೋಡದನ ಸೇವ್ ಮಾಡಿದೆ."

ಸಿದರಾಯನಿಗೆ ಓದು ಬಾರದಿದ್ದರೂ ಗೋಡೆಯ ಮೇಲಿನ ಕಾಗದದಲ್ಲಿ ಏನಿದೆಯೆಂದು ಗೊತ್ತಿತ್ತು. ಮಾಯಾ ಒಮ್ಮೆ ಓದಿ ಹೇಳಿದ್ದಳು. ಅದರ ಕಡೆಗೊಮ್ಮೆ, ಪ್ರಮಿಳಾಳ ಕಡೆಗೊಮ್ಮೆ ನೋಡಿದ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ನನ್ನ ಮಗಳು ನಿಮ್ಮನ್ನ ಅಕ್ಕ ಅಂತಿದ್ದಳ್ರಿ," ಎಂದ. ಅಲ್ಲಿಯ ತನಕ ಮನೆಯ ಮಗಳಂತೆ ನೀನು ಎನ್ನುತ್ತಿದ್ದವ ಈಗ ಹೊರಗಿನವರಿಗೆ ಹೇಳಿದಂತೆ ನೀವು ಎಂದ. ಲ್ಯಾಪ್‌ಟಾಪನ್ನು ತಾನೇ ಮುಚ್ಚಿ ಕಂಬಳಿಯಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದ. ಚಹಾ ಕೆನೆಗಟ್ಟಿತ್ತು. ಅವರೆಕಾಯಿಯ ಚೀಲ ಅಲ್ಲೇ ಉಳಿಯಿತು.

ಮದುವೆಯ ಪತ್ರಿಕೆ ಬೇರೆ ಯಾವುದೋ ಅಂಗಡಿಯಲ್ಲಿ ಅಚ್ಚಾಯಿತು. ಪ್ರಮಿಳಾ ಹೋಗಬಾರದೆಂದೇ ಇದ್ದಳು. ಸಮೃದ್ಧಿ ಫೋನ್ ಮಾಡಿ, "ಮಾವಶೀ, ಅಜ್ಜಾ ಸಿಟ್ಟಿಗೆದ್ದಾನಂತ ನೀ ಬರದ ಇರಬ್ಯಾಡ. ನನಗ ಅವ್ವನ ಜಾಗಾದಾಕಿ ಅಂದ್ರ ನೀ ಒಬ್ಬಾಕೀನ ಉಳದೀದಿ," ಎಂದಾಗ ತಡೆಯಲಾಗಲಿಲ್ಲ. ಸುರಗಿಯ ದಿನ ಮುಂಜಾನೆಯ ಬಸ್ಸು ಹಿಡಿದು ಬೀಡಿಗೆ ಬಂದಳು.

ಅಂಗಳದಲ್ಲಿ ನಾಲ್ಕು ತಂಬಿಗೆ ಇಟ್ಟು ನೂಲು ಸುತ್ತಿದ್ದರು. ಗಂಡಸರು ಪದ್ಧತಿಯಂತೆ ಬೇಲಿಯಾಚೆ ನಿಂತಿದ್ದರು, ಸಿದರಾಯನೂ ಅಲ್ಲಿದ್ದ. "ಬೆಳಗಾವ್ಯಾಗ ಅಂಗಡಿ ಇಟ್ಟಾರಂತ. ಒಂದ ಹಾಡ ಜೋಪಾನ ಮಾಡಾಕ ಆಗಲಿಲ್ಲ," ಎಂದು ತ್ರಿವೇಣಿ ಪ್ರಮಿಳಾಳಿಗೆ ಕೇಳುವಂತೆಯೇ ಅಂದಳು. ಅವಳು ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಪ್ರಮಿಳಾ ತಲೆ ತಗ್ಗಿಸಿದಳು.

ಅರಿಶಿನ ಹಚ್ಚುವ ಹೊತ್ತಾಯಿತು. ಯಾರು ಹಾಡಬೇಕೆಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನೂಲಿನ ನಡುವೆ ಕೂತ ಸಮೃದ್ಧಿ ತಲೆ ಎತ್ತಿ ಪ್ರಮಿಳಾಳನ್ನು ನೋಡಿದಳು. ಆಗ ಪ್ರಮಿಳಾ, ಜೀವಮಾನದಲ್ಲಿ ನಾಲ್ಕು ಜನರ ಮುಂದೆ ಬಾಯಿ ತೆರೆಯದವಳು, ಮಾಯಾ ಗುನುಗುತ್ತಿದ್ದ ಧಾಟಿಯಲ್ಲೇ ಎತ್ತಿದಳು: "ಹಿಂಡ ಕುರಿ ಹೊಳ್ಳ್ಯಾವ, ಹಿರಿಗುಡ್ಡದ ಮಳಿ ಹೊಳ್ಳ್ಯಾವ, ಹೊಳ್ಳಿ ನೋಡವಲ್ಲಳ ನನ ಮಗಳ..."

ಹೆಂಗಸರಿಗೆ ಒಮ್ಮೆಲೇ ಫಕೀರವ್ವ ಬಂದಂತಾಯಿತು. ಹಳೆಯ ರೂಢಿಯ ಪ್ರಕಾರ "ಸೋಬಾನವೇ" ಎಂದು ಎಲ್ಲರೂ ಸೊಲ್ಲು ಹಿಡಿದರು. ಹಿಡಿದು, ಮುಂದಿನ ಸಾಲಿಗಾಗಿ ನಿಂತರು. ಫಕೀರವ್ವ ಯಾವತ್ತೂ ಅಲ್ಲಿ ಉಸಿರು ತೆಗೆದುಕೊಂಡು ಮುಂದುವರಿಸುತ್ತಿದ್ದಳು. ಪ್ರಮಿಳಾಳ ಹತ್ತಿರ ಮುಂದಿನ ಸಾಲು ಇರಲಿಲ್ಲ. ಹೆಂಗಸರು ಅರಿಶಿನದ ಕೈ ಮೇಲೆತ್ತಿಕೊಂಡು ಕಾದರು. ಯಾರೋ ಒಬ್ಬಳು ಬಿಕ್ಕಿದಳು. ಕೊನೆಗೆ ಒಬ್ಬ ಮುದುಕಿ, "ನೀರ ಆರಾಕತ್ತಾವ, ಹಾಕ್ರವ್ವಾ," ಎಂದ ಮೇಲೆ ಹಾಡಿಲ್ಲದೆಯೇ ನೀರು ಹಾಕಿದರು.

ಸಂಜೆ ಬಸ್ಸಿಗೆ ಹೊರಟವಳನ್ನು ಸಿದರಾಯ ಪಡಸಾಲೆಯಲ್ಲಿ ತಡೆದ. "ಬಾ ಇಲ್ಲಿ," ಎಂದಷ್ಟೇ ಹೇಳಿ ಒಳಗೆ ಕರೆದೊಯ್ದ. ದೇವರ ಮಾಡದ ಪಕ್ಕದಲ್ಲಿ ಲ್ಯಾಪ್‌ಟಾಪು ಇತ್ತು. ಮುದುಕ ಚಿತ್ರದ ಮೇಲೆ ಎರಡು ಸಲ ಒತ್ತಿದ. ರಂಗೋಲಿ ಬಂತು, ಕೆಳಗಿಳಿಯುವ ಗುಂಡಿ ಒತ್ತಿ ಹಿಡಿದಾಗ ಚೌಕಗಳು ಬಂದವು. ಭಂಡಾರದ ಬಟ್ಟಲಿನಿಂದ ಚಿಟಿಕೆ ತೆಗೆದು ಉದ್ದನೆಯ ಕೀಲಿಯ ಮೇಲೆ ಹಚ್ಚಿ ಕೈ ಮುಗಿದ. ಫೈಲಿನ ತುದಿಯಲ್ಲಿ ಇನ್ನೊಂದು ಖಾಲಿ ಜಾಗ ಸೇರಿದ್ದನ್ನು ಪ್ರಮಿಳಾ ಬಲ್ಲಳು. ಮುಚ್ಚುವಾಗ ಯಂತ್ರ ಎಂದಿನಂತೆ ಕೇಳಿತು.

"ಮುಂಜಾನೆ ನೀ ಎರಡ ಸಾಲ ಹಾಡಿದೆಲಾ, ನಾ ಬೇಲಿ ಹೊರಗ ನಿಂತ ಕೇಳಿದೆ. ಆಕೀದ ದನಿ ಕೇಳಿದಂಗಾತು," ಎಂದ ಸಿದರಾಯ. ಅವನ ಕಣ್ಣು ತುಂಬಿತ್ತು. "ಭಾಳ ಸಿಟ್ಟಿತ್ತು ನಿನ್ನ ಮ್ಯಾಲ. ಈಗಿಲ್ಲ. ಕೈ ತಪ್ಪತೈತಿ ಮನಶ್ಯಾಂದು. ನೀ ಕಳದಿ, ಇರ್ಲಿ. ನಾ ಇರೂತನಾ ದಿನಾ ಸಂಜಿಕ ಉಳದದ್ದನ್ನ ಉಳಸ್ತೀನಿ."

ಹೀಗೆಂದು ಮೊದಲನೆಯ ಗುಂಡಿ ಒತ್ತಿದ. ಪ್ರಮಿಳಾ ಬಾಗಿ ಅವನ ಕಾಲು ಮುಟ್ಟಿ, "ಹೂಂ ರೀ, ಕಾಕಾ, ಉಳಸ್ರಿ," ಎಂದಳು.